ಮನ ಕೂಡಿಸುವ ಮಠ, ಹಕ್ಕು ಕಾಯುವ ಸರಕಾರ



ಒಂದು ಬದುವಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಊರುಗಳುಂಟು. ಹೊಲ ಅಳೆಯಲು ಸರಕಾರದ ಮೋಜಣಿದಾರರಿದ್ದಾರೆ. ಒಡೆದ ಮನಸ್ಸು ಅಳೆಯುವ ಸರಪಳಿ ಯಾವ ಕಚೇರಿಯಲ್ಲಿಯೂ ಇಲ್ಲ. ಅಲ್ಲಿ ಗುರುಹಿರಿಯರ ಮಾತು ಬೇಕು. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠ ಉಭಯ ಕಡೆಯವರನ್ನೂ ಕೂರಿಸಿ ವ್ಯಾಜ್ಯ ಬಗೆಹರಿಸುತ್ತ ಬಂದಿರುವುದು ನಾಡಿಗೆ ತಿಳಿದದ್ದೇ.

ಆದರೆ ಹಿರಿತನಕ್ಕೂ ಒಂದು ಮೇರೆಯುಂಟು. ಬಹಿಷ್ಕಾರ ಹಾಕುವುದು ನ್ಯಾಯವಲ್ಲ, ಪೀಡನೆ. ಕೊಲೆ, ಅತ್ಯಾಚಾರದಂಥ ಅಪರಾಧಗಳನ್ನು ಕಟ್ಟೆಯ ಮೇಲೆ ಮುಚ್ಚಿಹಾಕಬಾರದು. ಅವು ಪೊಲೀಸರಿಗೆ, ನ್ಯಾಯಾಲಯಕ್ಕೆ ಸೇರಿದವು.

ಪಾಲಿಗಾಗಿ ಮಠಕ್ಕೆ ಬಂದವರನ್ನು ನಾವು ಮೊದಲು ಕೇಳುವುದಿಷ್ಟೆ: ಅಕ್ಕತಂಗಿಯರೆಲ್ಲಿ? ಮದುವೆಯಾದವಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಗನ ಸಮ ಹಕ್ಕನ್ನು 2005ರ ಕಾಯಿದೆ ಕೊಟ್ಟಿದೆ. ಅವಳನ್ನು ಹೊರಗಿಟ್ಟು ಮಾಡಿದ ರಾಜಿ ರಾಜಿಯಲ್ಲ, ಗಂಡಸರ ಒಳಸಂಚು.

ಒಪ್ಪಿದ್ದನ್ನು ಬಾಯಿಮಾತಿಗೆ ಬಿಡಬೇಡಿ. ವ್ಯಾಜ್ಯ ಕೋರ್ಟಿನಲ್ಲಿದ್ದರೆ ಲೋಕ ಅದಾಲತ್ತಿನಲ್ಲಿ ದಾಖಲಿಸಿ; ಅದಕ್ಕೆ ಡಿಕ್ರಿಯ ಬಲವಿದೆ, ಕಟ್ಟಿದ ಶುಲ್ಕವೂ ಮರಳುತ್ತದೆ. ಮಠ ಮನ ಕೂಡಿಸಲಿ, ಸರಕಾರ ಹಕ್ಕು ಕಾಯಲಿ. ಒಂದರ ಕೆಲಸಕ್ಕೆ ಇನ್ನೊಂದು ಕೈಹಾಕಿದರೆ ಎರಡೂ ಕೆಡುತ್ತವೆ.