ಡ್ಯಾಶ್‌ಬೋರ್ಡಿನ ‘ಮರ’ಕ್ಕೆ ಕೈ ಹಾಕೋ ಮುಂಚೆ

ಕೆರಗೋಡಿಂದ ಮಾತಾಡ್ತಿದ್ದೀನಿ. ಇವತ್ತಿನ ಎಪಿಸೋಡು ಹಳೇ ಕಾರು ಇಟ್ಕೊಂಡಿರೋರಿಗೆ. ಡ್ಯಾಶ್‌ಬೋರ್ಡಿನ ಮರದ ಪಟ್ಟಿ ಬಣ್ಣ ಕಳ್ಕೊಂಡಿದೆ, ಅಂಚು ಎದ್ದಿದೆ, ಅದನ್ನ ತೆಗೆಯೋದು ಹೇಗೆ?

ಮೊದಲು ಅದು ಯಾವ ‘ಮರ’ ಅಂತ ನೋಡಿ. 1995ರಲ್ಲಿ ಪುಣೆಯಲ್ಲಿ ಜೋಡಣೆ ಶುರುವಾದ ಮರ್ಸಿಡಿಸ್ ಇ-ಕ್ಲಾಸ್‌ನಂಥ ಕಾರಲ್ಲಿ ಇರೋದು ನಿಜವಾದ ಮರದ ತೆಳು ಪದರ, ಮೇಲೆ ಗಟ್ಟಿ ವಾರ್ನಿಷ್. ನಮ್ ಕಡೆ ಓಡಾಡೋ ಬಹುಪಾಲು ಕಾರಲ್ಲಿ ಇರೋದು ಪ್ಲಾಸ್ಟಿಕ್ಕು, ಅದರ ಮೇಲೆ ಮರದ ಚಿತ್ರದ ಫಿಲ್ಮು. ಮೂರನೇದು ಆಕ್ಸೆಸರಿ ಅಂಗಡಿಯವರು ಅಂಟಿಸಿಕೊಟ್ಟ ಸ್ಟಿಕ್ಕರ್ ಪೀಸು. ಅಂಚಲ್ಲಿ ಉಗುರು ಹಾಕಿ ನೋಡಿದ್ರೆ, ಕೆಳಗೆ ಕಂಪನಿಯ ಮೂಲ ಪ್ಯಾನೆಲ್ ಕಾಣುತ್ತೆ.

ಈಗ ಮುಖ್ಯ ವಿಷಯ, ಏರ್‌ಬ್ಯಾಗು. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಾಯಬೇಕು. ಟೊಯೊಟಾ ರಿಪೇರಿ ಪುಸ್ತಕಗಳು ಕನಿಷ್ಠ 90 ಸೆಕೆಂಡ್ ಅನ್ನುತ್ತವೆ. ಕಾರಣ, ಬ್ಯಾಟರಿ ಬಿಚ್ಚಿದ ಮೇಲೂ ಏರ್‌ಬ್ಯಾಗ್ ಯೂನಿಟ್ಟಿನ ಕೆಪಾಸಿಟರಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತೆ. ಹಳದಿ ಕನೆಕ್ಟರ್ ಕಂಡ್ರೆ ಮುಟ್ಟಬೇಡಿ. ಏರ್‌ಬ್ಯಾಗಿನ ಮುಚ್ಚಳದ ಮೇಲೇ ಮರದ ಪೀಸು ಅಂಟಿಸಿದ್ರೆ ಅದು ಅಲ್ಲಿರೋದೇ ಅಪಾಯ. ಬ್ಯಾಗು ಬಿಚ್ಚಿಕೊಂಡಾಗ ಆ ತುಂಡು ಎದುರಿಗೆ ಕೂತೋರ ಮುಖಕ್ಕೆ ಹಾರುತ್ತೆ. ಅದನ್ನ ನೀವೇ ಬಿಸಿ ಮಾಡಿ ಕೀಳೋಕೆ ಹೋಗದೆ, ಸರ್ವೀಸ್ ಸೆಂಟರಲ್ಲಿ ತೆಗೆಸಿ.

ಬೇರೆ ಕಡೆ ಅಂಟಿಸಿರೋ ಪೀಸಿಗೆ ಹೇರ್ ಡ್ರೈಯರ್ ಸಾಕು. ಒಂದೇ ಕಡೆ ಹಿಡೀದೆ ಆಡಿಸ್ತಾ ಬಿಸಿ ಮಾಡಿದ್ರೆ ಅಂಟು ಮೆತ್ತಗಾಗುತ್ತೆ. ಆಮೇಲೆ ಗಾಳದ ನೈಲಾನ್ ದಾರವನ್ನ ಅಂಚಿಂದ ತೂರಿಸಿ, ಗರಗಸದ ಥರ ನಿಧಾನಕ್ಕೆ ಎಳೀರಿ. ಉಳಿದ ಅಂಟಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ, ಅದನ್ನೂ ಮೊದಲು ಕಾಣದ ಮೂಲೇಲಿ ಹಚ್ಚಿ ನೋಡಿ. ಥಿನ್ನರ್, ಪೆಟ್ರೋಲ್ ಬೇಡ, ಪ್ಲಾಸ್ಟಿಕ್ ಹಾಳಾಗುತ್ತೆ.

ಕಂಪನಿಯಿಂದಲೇ ಬಂದ ಪ್ಯಾನೆಲ್ ಆದ್ರೆ ಕ್ಲಿಪ್ಪಲ್ಲಿ ಕೂತಿರುತ್ತೆ, ಕೆಲವು ಕಡೆ ಮರೆಯಲ್ಲಿ ಸ್ಕ್ರೂ. ಸ್ಕ್ರೂ ಹುಡುಕದೆ ಎಳೆದ್ರೆ ಕಿವಿ ಮುರಿಯುತ್ತೆ. ಸುತ್ತ ಮಾಸ್ಕಿಂಗ್ ಟೇಪ್ ಹಾಕಿ, ಕಬ್ಬಿಣದ ಸ್ಕ್ರೂಡ್ರೈವರ್ ಬದಲು ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಒಂದೊಂದೇ ಕ್ಲಿಪ್ ಬಿಡಿಸಿ. ವರ್ಷಗಟ್ಟಲೆ ಬಿಸಿಲು ತಿಂದ ಪ್ಲಾಸ್ಟಿಕ್ಕು ಹಪ್ಪಳ ಇದ್ದಂಗೆ. ಚಳಿ ಇರೋ ಬೆಳಗಿನ ಜಾವದಲ್ಲಿ ಇನ್ನೂ ಬೇಗ ಮುರಿಯುತ್ತೆ, ಬಿಸಿಲು ಏರಿದ ಮೇಲೆ ಕೈ ಹಾಕಿ. ಪ್ಯಾನೆಲ್ ಬಿಡಿಸಿಕೊಂಡ ತಕ್ಷಣ ಎಳೀಬೇಡಿ, ಹಿಂದೆ ಹಜಾರ್ಡ್ ಸ್ವಿಚ್ಚಿನ ವೈರು ಇರಬಹುದು.

ನಾನು ಬಿ.ಕಾಂ. ಓದಿದೋನು, ಲೆಕ್ಕಾನೂ ಹೇಳಿಬಿಡ್ತೀನಿ. ಫಿಲ್ಮು, ಅಂಟು ಎಲ್ಲಾ ಮತ್ತೆ ಕೊಳ್ಳಬಹುದು. ನಿಂತುಹೋದ ಮಾಡೆಲ್ಲಿನ ಪ್ಯಾನೆಲ್ ಮುರಿದ್ರೆ ಗುಜರಿ ಅಂಗಡಿಗಳನ್ನ ಸುತ್ತಬೇಕು. ಬಿಚ್ಚಿದ ಮೂಲ ಪೀಸನ್ನ ಬಟ್ಟೇಲಿ ಸುತ್ತಿ ಎತ್ತಿಡಿ, ಮುಂದೆ ಕಾರು ಕೊಳ್ಳೋರು ಕೇಳಿದ್ರೆ ಕೊಡೋಕಾಗುತ್ತೆ. ಬ್ಯಾಟರಿ ಹಾಕಿದ ಮೇಲೆ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಆರದಿದ್ರೆ ಸೀದಾ ವರ್ಕ್‌ಶಾಪಿಗೆ ಹೋಗಿ. ಮುಂದಿನ ವಾರ ಸಿಗೋಣ.