ಗಡಿ ದಾಟುವ ಗಾಳಿ

ಗಾಳಿಗೆ ಸಾಲ ಕೊಡುವ ಬ್ಯಾಂಕೊಂದಿದೆಯೆಂದರೆ ವಾಚಕರು ನಗಬಹುದು. ಅಮೆರಿಕಾ ಸಂಯುಕ್ತ ಸಂಸ್ಥಾನವೂ ಮೆಕ್ಸಿಕೋ ದೇಶವೂ ಸರಿಪಾಲಿನ ಒಡೆತನದಲ್ಲಿ 1994ರಲ್ಲಿ ಸ್ಥಾಪಿಸಿದ ಉತ್ತರ ಅಮೆರಿಕಾ ಅಭಿವೃದ್ಧಿ ಬ್ಯಾಂಕು ಅಂಥದು. ಅದರ ಕೇಂದ್ರ ಕಚೇರಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದಲ್ಲಿದೆ. ಗಡಿಯಿಂದ ಉತ್ತರಕ್ಕೆ 100, ದಕ್ಷಿಣಕ್ಕೆ 300 ಕಿಲೋಮೀಟರುಗಳವರೆಗೆ ಅದರ ಕಾರ್ಯಕ್ಷೇತ್ರ. ಮೊದಮೊದಲು ಕುಡಿಯುವ ನೀರು, ಚರಂಡಿ, ಕಸದ ವಿಲೇವಾರಿಗಳಿಗೆ ನೆರವಾಗುತ್ತಿದ್ದ ಈ ಸಂಸ್ಥೆ ಅನಂತರ ಬಿಸಿಲು, ಗಾಳಿಗಳ ಕಡೆಗೂ ದೃಷ್ಟಿ ಹರಿಸಿತು.

ಕಲ್ಲಿದ್ದಲಿನ ಸ್ಥಾವರಕ್ಕೆ ಪ್ರತಿದಿನವೂ ಇಂಧನ ಕೊಳ್ಳಬೇಕು. ಗಾಳಿಯಾದರೋ ಪುಕ್ಕಟೆ, ಆದರೆ ಯಂತ್ರಗಳ ಬೆಲೆಯನ್ನು ಮೊದಲೇ ತೆರಬೇಕು. ಆದುದರಿಂದ ದೀರ್ಘಾವಧಿಯ ಸಾಲವೇ ಇಂಥ ಉದ್ಯಮದ ಜೀವಾಳ.

ಮೆಕ್ಸಿಕೋಗೆ ಸೇರಿದ ಬಾಹಾ ಕ್ಯಾಲಿಫೋರ್ನಿಯಾ ಪ್ರಾಂತದ ಬೆಟ್ಟಸಾಲಿನಲ್ಲಿ 2015ರಲ್ಲಿ ಕಾರ್ಯಾರಂಭ ಮಾಡಿದ ಸಿಯೆರಾ ಹ್ವಾರೆಸ್ ಸ್ಥಾವರಕ್ಕೆ ಸಾಲವಿತ್ತವರಲ್ಲಿ ಈ ಬ್ಯಾಂಕೂ ಒಂದು. ಅಲ್ಲಿ 47 ಗಾಳಿಯಂತ್ರಗಳು. 155 ಮೆಗಾವಾಟ್ ಸಾಮರ್ಥ್ಯ. ವಿಚಿತ್ರವೆಂದರೆ, ಆ ವಿದ್ಯುತ್ತು ಗಡಿ ದಾಟಿ ಸ್ಯಾನ್ ಡಿಯಾಗೋ ಪ್ರದೇಶದ ಮನೆಗಳನ್ನು ಬೆಳಗುತ್ತದೆ! ಬೆಟ್ಟ ಮೆಕ್ಸಿಕೋದ್ದು, ಬೆಳಕು ಕ್ಯಾಲಿಫೋರ್ನಿಯದ್ದು. ಅಲ್ಲಿಯ ವಿದ್ಯುತ್ ಕಂಪನಿ 20 ವರ್ಷಗಳವರೆಗೆ ಕೊಳ್ಳುವ ಕರಾರು ಮಾಡಿಕೊಂಡಿರದಿದ್ದರೆ ಸಾಲ ಹುಟ್ಟುವುದೇ ದುಸ್ತರವಾಗುತ್ತಿತ್ತು, ನಿಜ. ಆದರೂ ಉಭಯ ದೇಶಗಳ ಗಡಿಜನರ ಹಿತಕ್ಕೆಂದು ನಿಂತ ಬ್ಯಾಂಕು, ಬೆಟ್ಟದ ಬುಡದ ಊರುಗಳಿಗೆ ಇದರಿಂದ ದಕ್ಕುವುದೇನೆಂದು ಕೇಳಲೇಬೇಕಾಗುತ್ತದೆ. 2022ರಲ್ಲಿ 108 ಮೆಗಾವಾಟಿನ ಎರಡನೆಯ ಹಂತವೂ ಸೇರಿತು. ಅದರ ವಿದ್ಯುತ್ತೂ ಉತ್ತರಕ್ಕೇ ಹರಿಯಿತು.