ಆಕಾಶದಲ್ಲೊಂದು ಲೆಡ್ಜರ್

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ತಿರುವಿದವನು ನಾನು. ನಿವೃತ್ತಿಯಾದ ದಿನ, ಇನ್ನು ಕಾಲಂ, ಸಾಲು, ಬಾಕಿ ಇವುಗಳ ಸಹವಾಸ ತಪ್ಪಿತು ಎಂದುಕೊಂಡೆ. ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗ ಬಂದ. ಅವನ ಕಂಪ್ಯೂಟರಿನ ಪರದೆಯ ಮೇಲೆ ಅವೆಲ್ಲ ಮತ್ತೆ ಎದುರಾದವು, ಈ ಸಲ ನಕ್ಷತ್ರಗಳ ನಡುವೆ.

ಅವನು ಪಿಯುಸಿ ಓದುವ ಹುಡುಗ. ಆಡುತ್ತಿದ್ದದ್ದು ‘ಈವ್ ಆನ್‌ಲೈನ್’ ಎಂಬ ಆಟ. ಐಸ್‌ಲ್ಯಾಂಡ್ ದೇಶದ ರೇಕ್ಯಾವಿಕ್ ನಗರದ ಸಿಸಿಪಿ ಎಂಬ ಕಂಪನಿ 2003ರ ಮೇ ತಿಂಗಳಲ್ಲಿ ಇದನ್ನು ಹೊರತಂದಿತು. 2016ರಿಂದ ದುಡ್ಡು ಕೊಡದೆಯೂ ಒಂದು ಮಟ್ಟದವರೆಗೆ ಆಡಬಹುದು. ಚೀನಾ ಒಂದನ್ನು ಬಿಟ್ಟರೆ ಜಗತ್ತಿನವರೆಲ್ಲ ಒಂದೇ ಆಕಾಶದಲ್ಲಿ ಆಡುತ್ತಾರೆ. ಆ ಆಕಾಶದಲ್ಲಿ ಏಳು ಸಾವಿರಕ್ಕೂ ಹೆಚ್ಚು ನಕ್ಷತ್ರ ಮಂಡಲಗಳಿವೆ.

“ಎಲ್ಲೋ ಆಕಾಶ? ನನಗೆ ಬರೀ ಪಟ್ಟಿ ಕಾಣುತ್ತಿದೆಯಲ್ಲೋ” ಅಂದೆ.

“ಅದೇ ತಾತಾ ಮುಖ್ಯ. ಅದರ ಹೆಸರು ಓವರ್‌ವ್ಯೂ. ನಕ್ಷತ್ರ ನೋಡ್ತಾ ಕೂತರೆ ಸಾಯ್ತೀವಿ” ಅಂದ.

ಪರದೆಯ ಬಲಕ್ಕೆ ಒಂದು ಪಟ್ಟಿ. ಸುತ್ತ ಇರುವ ಪ್ರತಿ ಹಡಗು, ನಿಲ್ದಾಣ, ಬಂಡೆ ಅದರಲ್ಲಿ ಒಂದೊಂದು ಸಾಲು. ದೂರ ಎಷ್ಟು, ಹೆಸರೇನು, ಯಾವ ಜಾತಿಯದು ಎಂದು ಕಾಲಂಗಳು. ಕಾಲಂ ತಲೆಯ ಮೇಲೆ ಒತ್ತಿದರೆ ಹತ್ತಿರದ್ದು ಮೇಲಕ್ಕೆ ಬರುತ್ತದೆ. ಸ್ನೇಹಿತರಿಗೆ ನೀಲಿ ಗುರುತು, ಶತ್ರುಗಳಿಗೆ ಕೆಂಪು. ಇದನ್ನು ‘ಬಾಹ್ಯಾಕಾಶದ ಸ್ಪ್ರೆಡ್‌ಶೀಟ್’ ಎಂದು ಜನ ಗೇಲಿ ಮಾಡುತ್ತಿದ್ದರಂತೆ. ಕಂಪನಿಯವರು ಬೇಸರಪಡಲಿಲ್ಲ. ಮೈಕ್ರೋಸಾಫ್ಟಿನ ಜೊತೆ ಸೇರಿ ಆಟದ ಲೆಕ್ಕಗಳನ್ನು ನೇರವಾಗಿ ಎಕ್ಸೆಲ್‌ಗೆ ಇಳಿಸುವ ಸೌಲಭ್ಯವನ್ನೇ ಕೊಟ್ಟುಬಿಟ್ಟರು! ನನಗೆ ಆ ಕಂಪನಿಯ ಮೇಲೆ ಗೌರವ ಹುಟ್ಟಿದ್ದು ಅಲ್ಲೇ. ಅಕ್ಷರ ಸಣ್ಣದು ಎಂದು ಗೊಣಗಿದೆ. ಮೊಮ್ಮಗ ದೊಡ್ಡದು ಮಾಡಿಕೊಟ್ಟ.

ಕೆಳಗೆ ಮಧ್ಯದಲ್ಲಿ ದುಂಡಗಿನ ಮೀಟರು. ಅದರಲ್ಲಿ ಒಂದರೊಳಗೊಂದು ಮೂರು ಕಮಾನು: ಹೊರಗಿನದು ಶೀಲ್ಡ್, ನಡುವಿನದು ಕವಚ, ಒಳಗಿನದು ಹಡಗಿನ ಮೈ. ಏಟು ಬಿದ್ದ ಹಾಗೆ ಬಿಳಿ ಕಮಾನು ಕೆಂಪಾಗುತ್ತ ಬರುತ್ತದೆ. ಮೂರೂ ಕೆಂಪಾದರೆ ಹಡಗು ಹೋಯಿತು.

ನನಗೊಂದು ಸಂಶಯ ಬಂತು. “ನೀನು ಹಡಗಿನೊಳಗೆ ಕೂತಿದ್ದೀಯ. ಹಾಗಿದ್ದ ಮೇಲೆ ನಿನ್ನ ಹಡಗು ಹೊರಗಿನಿಂದ ಹೇಗೆ ಕಾಣುತ್ತೆ? ಆಕಾಶದಲ್ಲಿ ಗಾಳಿ ಇಲ್ಲ, ಢಂ ಅನ್ನೋ ಸದ್ದು ಎಲ್ಲಿಂದ ಬಂತು?” ಹುಡುಗನನ್ನು ಸಿಕ್ಕಿಸಿದೆ ಎಂದುಕೊಂಡೆ. ಇಲ್ಲ, ಅದಕ್ಕೂ ಉತ್ತರವಿತ್ತು.

ಆ ಆಟಕ್ಕೊಂದು ಪುರಾಣವಿದೆ, ಮಕ್ಕಳೇ. ಬಹಳ ಹಿಂದೆ ಮನುಷ್ಯರು ಆಕಾಶದಲ್ಲಿ ಒಂದು ಬಾಗಿಲು ಕಂಡು, ಅದರ ಮೂಲಕ ದೂರದ ಲೋಕಕ್ಕೆ ಹೋಗಿ ನೆಲೆಸಿದರು. ಆ ಲೋಕದ ಹೆಸರು ನ್ಯೂ ಈಡನ್. ಒಂದು ದಿನ ಬಾಗಿಲು ಕುಸಿದುಬಿತ್ತು. ಆಚೆಯವರು ಆಚೆಯೇ ಉಳಿದರು. ಹೆಚ್ಚಿನ ಊರುಗಳು ಅನ್ನ, ಸಾಮಾನು ಬಾರದೆ ಅಳಿದವು. ಬದುಕಿಕೊಂಡ ಕೆಲವರು ಸಾವಿರಾರು ವರ್ಷಗಳಲ್ಲಿ ಮತ್ತೆ ರಾಜ್ಯ ಕಟ್ಟಿದರು. ಅಮಾರ್ ಎಂಬ ಸಾಮ್ರಾಜ್ಯದವರು ಮಿನ್ಮತಾರ್ ಜನರನ್ನು ಗುಲಾಮರನ್ನಾಗಿ ಮಾಡಿಕೊಂಡರು. ಅವರು ದಂಗೆಯೆದ್ದು ಬಿಡುಗಡೆ ಪಡೆದರು. ಗ್ಯಾಲೆಂಟೆ ಒಕ್ಕೂಟದಿಂದ ಕಾಲ್ಡಾರಿಗಳು ಸಿಡಿದು ಬೇರೆಯಾದರು. ಈ ಕಥೆಯನ್ನು ಯಾರೂ ಓದಿ ಹೇಳಬೇಕಿಲ್ಲ, ಹಡಗು ನೋಡಿದರೆ ಸಾಕು. ಅಮಾರ್ ಹಡಗು ದೇವಸ್ಥಾನದ ಕಳಶದಂತೆ ಚಿನ್ನದ ಬಣ್ಣ. ಮಿನ್ಮತಾರ್ ಹಡಗು ತುಕ್ಕು ಹಿಡಿದ ತಗಡನ್ನು ತೇಪೆ ಹಾಕಿ ಕಟ್ಟಿದ ಹಾಗೆ.

ನನ್ನ ಸಂಶಯಕ್ಕೂ ಪುರಾಣವೇ ಉತ್ತರ. ಹಡಗು ನಡೆಸುವವನು ಒಂದು ಮೊಟ್ಟೆಯಂಥ ಕೋಶದಲ್ಲಿ ದ್ರವದೊಳಗೆ ಮುಳುಗಿರುತ್ತಾನೆ. ಹಡಗಿನ ಸುತ್ತ ಪುಟ್ಟ ಕ್ಯಾಮೆರಾಗಳು ಹಾರಾಡುತ್ತ ಅವನ ಮಿದುಳಿಗೆ ಚಿತ್ರ ಕಳಿಸುತ್ತವೆ. ಸದ್ದು ನಿಜವಾದದ್ದಲ್ಲ. ಯಾವ ಕಡೆ ಅಪಾಯ ಎಂದು ತಿಳಿಯಲೆಂದು ಹಡಗಿನ ಕಂಪ್ಯೂಟರ್ ಅದನ್ನು ಅವನ ಕಿವಿಗಾಗಿ ಹುಟ್ಟಿಸುತ್ತದೆ. ಕೋಶವೂ ಒಡೆದರೆ? ಬೇರೆಲ್ಲೋ ನಿಲ್ದಾಣದಲ್ಲಿ ತದ್ರೂಪಿ ದೇಹದಲ್ಲಿ ಎದ್ದು ಕೂರುತ್ತಾನೆ. ಪರದೆಯ ಅನುಕೂಲಕ್ಕೆ ಮಾಡಿಕೊಂಡ ಪ್ರತಿಯೊಂದಕ್ಕೂ ಕಥೆಯೊಳಗೆ ಕಾರಣ ಇಟ್ಟಿದ್ದಾರೆ. ವೋಚರ್ ಇಲ್ಲದೆ ಒಂದು ಎಂಟ್ರಿಯೂ ಇಲ್ಲ!

ಇನ್ನು ಹಣ. ಅಲ್ಲಿನ ನಾಣ್ಯಕ್ಕೆ ಐಎಸ್‌ಕೆ ಎಂದು ಹೆಸರು. ಐಸ್‌ಲ್ಯಾಂಡಿನ ನಿಜವಾದ ಹಣದ ಸಂಕೇತವೂ ಅದೇ ಮೂರಕ್ಷರ. ಅಲ್ಲಿ ಮಾರುವ ಹಡಗು, ಮದ್ದುಗುಂಡುಗಳಲ್ಲಿ ಬಹುಪಾಲು ಆಟಗಾರರೇ ತಯಾರಿಸಿದ್ದು. ಆ ಮಾರುಕಟ್ಟೆ ನೋಡಿಕೊಳ್ಳಲು ಕಂಪನಿ 2007ರಲ್ಲಿ ಒಬ್ಬ ಅರ್ಥಶಾಸ್ತ್ರಜ್ಞರನ್ನು ಕೆಲಸಕ್ಕಿಟ್ಟಿತು. ಮುಂದೆ ಅವರು ಐಸ್‌ಲ್ಯಾಂಡಿನ ಒಂದು ವಿಶ್ವವಿದ್ಯಾಲಯದ ಮುಖ್ಯಸ್ಥರಾದರು.

ನನಗೆ ಬಹಳ ಹಿಡಿಸಿದ ಘಟನೆ 2014ರ ಜನವರಿಯದು. ಒಂದು ದೊಡ್ಡ ಗುಂಪು ಬಿ-ಆರ್5ಆರ್‌ಬಿ ಎಂಬ ಮಂಡಲವನ್ನು ತನ್ನ ವಶದಲ್ಲಿ ಇಟ್ಟುಕೊಂಡಿತ್ತು. ಅದಕ್ಕೆ ಕಾಲಕಾಲಕ್ಕೆ ಶುಲ್ಕ ಕಟ್ಟಬೇಕು. ತಾನಾಗಿಯೇ ಪಾವತಿಯಾಗಬೇಕಿದ್ದ ಆ ಶುಲ್ಕ ಅದೇಕೋ ಪಾವತಿಯಾಗಲಿಲ್ಲ. ನಮ್ಮ ಭಾಷೆಯಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೈಕೊಟ್ಟಿತು. ಮಂಡಲ ಕೈತಪ್ಪಿತು, ಶತ್ರುಗಳು ಮುತ್ತಿದರು. 21 ಗಂಟೆ ಕಾಳಗ. ಏಳು ಸಾವಿರಕ್ಕೂ ಹೆಚ್ಚು ಪಾತ್ರಗಳು ಸೇರಿದ್ದರಿಂದ ಕಂಪ್ಯೂಟರುಗಳು ತಾಳಲಾರದೆ ಆ ಜಾಗದಲ್ಲಿ ಕಾಲವನ್ನೇ ಹತ್ತನೇ ಒಂದು ಪಾಲಿಗೆ ನಿಧಾನ ಮಾಡಿದವು. ಟೈಟಾನ್ ಎಂಬ ಅತಿ ದೊಡ್ಡ ಹಡಗುಗಳೇ 75 ನಾಶವಾದವು. ಒಟ್ಟು ನಷ್ಟವನ್ನು ನಿಜವಾದ ಹಣಕ್ಕೆ ಹೋಲಿಸಿದರೆ ಮೂರು ಲಕ್ಷ ಡಾಲರಿಗೂ ಮೇಲೆ ಎಂದು ಕಂಪನಿ ಅಂದಾಜು ಮಾಡಿತು. ಒಂದು ಕಂತು ಕಟ್ಟದ್ದಕ್ಕೆ! ಇದನ್ನು ಕೇಳಿ ನಾನು ಎರಡು ದಿನ ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದೆ.

ಹೀಗೆ ನಗುನಗುತ್ತ ಇರುವಾಗಲೇ ಒಂದು ಸಂಜೆ ಹುಡುಗ ಊಟಕ್ಕೆ ಬರಲಿಲ್ಲ. ತಲೆನೋವು ಅಂದ. ಮಾರನೆಯ ದಿನ ಕಂಪ್ಯೂಟರನ್ನೇ ತೆರೆಯಲಿಲ್ಲ. ನಾನು ಕೇಳಲಿಲ್ಲ. ಮೂರನೆಯ ದಿನ ಮೆಲ್ಲಗೆ, “ನಿನ್ನ ವಾಲೆಟ್ ತೋರಿಸು” ಅಂದೆ. ಆ ಆಟದಲ್ಲಿ ವಾಲೆಟ್ ಎಂದರೆ ಅಪ್ಪಟ ಪಾಸ್‌ಬುಕ್: ತಾರೀಖು, ವಿವರ, ಮೊತ್ತ, ಬಾಕಿ. ಪಾಸ್‌ಬುಕ್ ಓದುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಅವನು ಎರಡು ತಿಂಗಳು ಬಂಡೆ ಅಗೆದು ಅದಿರು ಮಾರಿ ಕೂಡಿಟ್ಟದ್ದು ಇತ್ತು. ಮೊದಲು ಹತ್ತು ಲಕ್ಷ ಯಾರಿಗೋ ಹೋಗಿದೆ, ಇಪ್ಪತ್ತು ಲಕ್ಷ ಅವರಿಂದಲೇ ಬಂದಿದೆ. ಆಮೇಲೆ ಐವತ್ತು ಲಕ್ಷ ಹೋಗಿದೆ, ಒಂದು ಕೋಟಿ ಬಂದಿದೆ. ಕೊನೆಗೆ ಒಂಬತ್ತು ಕೋಟಿ ಹೋಗಿದೆ. ಅದರ ಮೇಲೆ ಸಾಲೇ ಇಲ್ಲ.

ಜಿಟಾ ಎಂಬುದು ಆ ಲೋಕದ ದೊಡ್ಡ ಸಂತೆ. ಅಲ್ಲಿ ‘ಹಣ ಕಳಿಸಿ, ಎರಡರಷ್ಟು ಕೊಡುತ್ತೇನೆ’ ಎಂದು ಕೂಗುವವರು ಸದಾ ಇರುತ್ತಾರಂತೆ. ಆಟದೊಳಗಿನ ಇಂಥ ಮೋಸಕ್ಕೆ ಕಂಪನಿ ಅಡ್ಡಿ ಮಾಡುವುದಿಲ್ಲ, ಹೋದ ಹಣ ಕೊಡಿಸುವುದೂ ಇಲ್ಲ.

“ನೀವು ಬ್ಯಾಂಕಿನವರು, ನಗ್ತೀರ ಅಂತ ಹೇಳಲಿಲ್ಲ ತಾತಾ” ಅಂದ. ಕಣ್ಣು ತುಂಬಿತ್ತು.

ನಾನು ನಗಲಿಲ್ಲ. ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತೆ. “ಕೇಳು ಮರಿ, ತೊಂಬತ್ತರ ದಶಕದಲ್ಲಿ ಒಂದು ಫೈನಾನ್ಸ್ ಕಂಪನಿ ನೂರಕ್ಕೆ ಇಪ್ಪತ್ನಾಲ್ಕು ಬಡ್ಡಿ ಕೊಡ್ತೀನಿ ಅಂತು. ಹಗಲೆಲ್ಲ ಜನರಿಗೆ ಅಂಥ ಕಡೆ ಹಾಕಬೇಡಿ ಅಂತ ಬುದ್ಧಿ ಹೇಳ್ತಿದ್ದವನು ನಾನೇ ಹೋಗಿ ಐದು ಸಾವಿರ ಹಾಕಿದೆ. ಬಡ್ಡಿ ಸರಿಯಾಗಿ ಬಂತು. ಆಮೇಲೆ ದೊಡ್ಡ ಮೊತ್ತ ಹಾಕಿದೆ. ಒಂದು ಬೆಳಗ್ಗೆ ಹೋದರೆ ಬೀಗ. ಎಷ್ಟು ಹೋಯಿತು ಅಂತ ನಿನ್ನ ಅಜ್ಜಿಗೂ ಇವತ್ತಿನವರೆಗೆ ಹೇಳಿಲ್ಲ.”

“ನಲವತ್ತು ಸಾವಿರ” ಎಂದು ಅಡುಗೆಮನೆಯಿಂದ ದನಿ ಬಂತು. “ಪಾಸ್‌ಬುಕ್ ನನಗೂ ಓದೋಕೆ ಬರುತ್ತೆ. ಇಬ್ಬರೂ ಊಟಕ್ಕೆ ಏಳಿ.”

ಹುಡುಗ ಮೊದಲು ನನ್ನ ಮುಖ ನೋಡಿದ. ಆಮೇಲೆ ನಕ್ಕ. ಆ ರಾತ್ರಿ ಎರಡು ಸಲ ಸಾರು ಹಾಕಿಸಿಕೊಂಡ.

ರಜೆ ಮುಗಿದು ಅವನು ಊರಿಗೆ ಹೋದ. ಹಳೆಯ ಅಗ್ಗದ ಹಡಗಿನಲ್ಲಿ ಮತ್ತೆ ಬಂಡೆ ಅಗೆಯುತ್ತಿದ್ದಾನೆ. ಭಾನುವಾರ ಫೋನ್ ಮಾಡಿ ವಾಲೆಟ್‌ನ ಸಾಲುಗಳನ್ನು ಒಂದೊಂದಾಗಿ ಓದುತ್ತಾನೆ. ನಾನು ಇಲ್ಲಿ ಉದ್ದನೆಯ ಪುಸ್ತಕದಲ್ಲಿ ಜಮಾ, ಖರ್ಚು ಬರೆದುಕೊಳ್ಳುತ್ತೇನೆ. ಹೋದ ವಾರ ನನ್ನ ಬಾಕಿಗೂ ಅವನ ಬಾಕಿಗೂ ಹದಿನಾಲ್ಕು ಸಾವಿರ ವ್ಯತ್ಯಾಸ ಬಂತು. ಇಬ್ಬರೂ ಹುಡುಕುತ್ತಿದ್ದೇವೆ.